ಹನ್ನೊಂದನೇ ಕ್ಲಾಸಿನ ಪಕ್ಷಾಂತರ

ನಾನಿರುವ ಕಟ್ಟಡಕ್ಕೆ ಈಚೆಗೆ ಕಾರ್ಕಳದ ಕಡೆಯ ಹುಡುಗಿಯೊಬ್ಬಳು ಗಂಡನೊಂದಿಗೆ ಬಂದಿದ್ದಾಳೆ. ಅವಳಿಗೆ ಇಲ್ಲಿ ದುಬೈಯ ಭಾರತೀಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿದೆ. ನಾನು ಅದೇ ಕೆಲಸದಿಂದ ನಿವೃತ್ತಳಾಗಿ ಮಗಳ ಮನೆಯಲ್ಲಿರುವವಳು ಎಂದು ಯಾರೋ ಹೇಳಿದ್ದರಂತೆ. ಲಿಫ್ಟಿನಲ್ಲೇ ಹಿಡಿದಳು.

"ಆಂಟಿ, ಒಂದು ಕೇಳ್ಲಿಕ್ಕುಂಟು. ಮಕ್ಕಳು ಕ್ಲಾಸಲ್ಲಿ ಊರಿನ ರಾಜಕೀಯ ತೆಗೆದ್ರೆ ಎಂತ ಮಾಡೋದು? ಬಾಯಿ ಮುಚ್ಚಿಸೋದಾ?"

ಲಿಫ್ಟು ಕೆಳಗೆ ಮುಟ್ಟುವುದರೊಳಗೆ ಹೇಳಿ ಮುಗಿಸುವ ಉತ್ತರ ನನ್ನಲ್ಲಿರಲಿಲ್ಲ. "ಬರೆದು ಕೊಡ್ತೇನೆ ಮಗಾ" ಎಂದೆ. ಅವಳು ಎರಡು ಸಾಲಿನ ಮೆಸೇಜ್ ಬರುತ್ತದೆ ಎಂದುಕೊಂಡಿರಬೇಕು. ಬರೆಯಲು ಕೂತರೆ ಇಷ್ಟುದ್ದ ಆಗಿದೆ. ಯಾವ ವರ್ಷ ಎಚ್‌ಒಡಿ ಆದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಈ ಕೆಲಸಕ್ಕೆ ಬರುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ನಾನು ಅಬುಧಾಬಿಗೆ ಬಂದಾಗ ನನ್ನವರು ಹೋಟೆಲೊಂದರ ಅಕೌಂಟ್ಸ್‌ನಲ್ಲಿದ್ದರು. ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡವೊಂದರಲ್ಲಿ ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡ ಫ್ಲ್ಯಾಟು. ಶಾಲೆಯಲ್ಲಿ ಸೇರಿದ ಮೊದಲ ದಿನವೇ ಸೂಪರ್‌ವೈಸರ್ ಶೈಲಾ ಮೇಡಂ ಕರೆದು ಕೂರಿಸಿದರು. ಮಂಗಳೂರಿನವರು, ಸೀರೆಯ ನೆರಿಗೆ ಸಂಜೆಯವರೆಗೂ ಕದಲದ ಹೆಂಗಸು.

"ನೋಡಿ ಪ್ರೆಸಿಲ್ಲಾ, ಈ ದೇಶದ ವಿಷಯ ಕ್ಲಾಸಲ್ಲಿ ಬೇಡ. ಧರ್ಮದ ವಿಷಯ ಬೇಡ. ಊರಿನ ಪಾರ್ಟಿ ಪಾಲಿಟಿಕ್ಸೂ ಬೇಡ. ನಾವು ಇಲ್ಲಿ ಅತಿಥಿಗಳು. ಅತಿಥಿಗಳು ಊಟದ ಮೇಜಿನ ಮೇಲೆ ಜಗಳ ಆಡುದಿಲ್ಲ."

ಮೊದಲೆರಡನ್ನು ನಾನು ಕೊನೆಯವರೆಗೂ ಮೀರಲಿಲ್ಲ. ಮೂರನೆಯದು ಮಾತ್ರ ಕಷ್ಟವಾಯಿತು. ಚುನಾವಣೆ, ಪಕ್ಷಗಳು, ಕೇಂದ್ರ ರಾಜ್ಯ ಸಂಬಂಧ, ಮೀಸಲಾತಿ, ಭಾಷಾ ನೀತಿ, ಇವೆಲ್ಲ ಪಠ್ಯಪುಸ್ತಕದಲ್ಲೇ ಇದ್ದವು. ಹೋಗಿ ಪುಸ್ತಕ ತೋರಿಸಿದೆ. ಮೇಡಂ ಪುಟ ತಿರುಗಿಸಿ ನೋಡಿ, "ಸರಿ, ಪಠ್ಯದಲ್ಲಿದ್ದದ್ದು ಮಾಡಿ. ಆದ್ರೆ ಯಾರ ಅಪ್ಪನೂ ನನ್ನ ಆಫೀಸಿಗೆ ಬರಬಾರದು" ಎಂದರು. ಆಗ ಅವರು ಪುಕ್ಕಲು ಎಂದು ನನಗೆ ಅನ್ನಿಸಿತ್ತು. ಮಕ್ಕಳ ಜಗಳ ದೊಡ್ಡವರದಾದರೆ ಯಾವ ಯಾವ ಸಂಸಾರ ಈ ದೇಶ ಬಿಟ್ಟು ಗಂಟು ಮೂಟೆ ಕಟ್ಟಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ಅಷ್ಟೆ.

ಆ ಕಾಲದಲ್ಲಿ ಮಕ್ಕಳಿಗೆ ರಾಜಕೀಯ ಅಭಿಪ್ರಾಯ ಎಂದರೆ ಅಪ್ಪನ ಅಭಿಪ್ರಾಯ. ಊರಿನ ಪೇಪರು ತಡವಾಗಿ ಬರುತ್ತಿತ್ತು, ಅಪ್ಪ ಓದುತ್ತಿದ್ದ, ಊಟದ ಹೊತ್ತಿಗೆ ಬೈಯುತ್ತಿದ್ದ, ಮರುದಿನ ಮಗ ಅದನ್ನೇ ಕ್ಲಾಸಿನಲ್ಲಿ ಬೈಯುತ್ತಿದ್ದ. ಇನ್ನೊಬ್ಬನ ಅಪ್ಪ ಬೇರೆ ಪೇಪರು ತರಿಸುತ್ತಿದ್ದರೆ ಅಲ್ಲೊಂದು ಚಕಮಕಿ. ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ಏಕೆಂದರೆ ಇಬ್ಬರಿಗೂ ಅಪ್ಪ ಹೇಳಿದ್ದಕ್ಕಿಂತ ಒಂದು ವಾಕ್ಯ ಹೆಚ್ಚು ಗೊತ್ತಿರುತ್ತಿರಲಿಲ್ಲ.

ಫೋನು ಬಂದ ಮೇಲೆ ಪೂರ್ತಿ ಬದಲಾಯಿತು. ಅದು ಹೇಗೆ ಬದಲಾಯಿತು ಎಂದು ನನಗೆ ತಿಳಿದದ್ದು ನಿಹಾಲ್ ಮತ್ತು ಪ್ರಜ್ವಲ್ ಎಂಬ ಇಬ್ಬರು ಹುಡುಗರಿಂದ.

ಒಂಬತ್ತನೇ ಕ್ಲಾಸು. ನಿಹಾಲ್ ಬ್ಯಾರಿ ಮನೆತನದವನು, ತಂದೆಗೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಬಿಡಿಭಾಗಗಳ ಅಂಗಡಿ. ಪ್ರಜ್ವಲನ ಮನೆಮಾತು ತುಳು, ತಾಯಿ ಆಸ್ಪತ್ರೆಯಲ್ಲಿ ನರ್ಸು. ಒಂದೇ ಕಟ್ಟಡ, ಒಂದೇ ಶಾಲಾ ಬಸ್ಸು, ಇಬ್ಬರ ಊರಿನ ನಡುವೆ ಒಂದು ಸೇತುವೆ ಮಾತ್ರ. ಒಂದು ದಿನ "ಸುದ್ದಿ ಹೇಳುವ" ಪಿರಿಯಡ್‌ನಲ್ಲಿ ನಿಹಾಲ್ ಎದ್ದು, ತನ್ನ ಅಜ್ಜಿಯ ಊರಿನ ಪೇಟೆಯಲ್ಲಿ ನಡೆದ, ಫೋನಿನ ವಿಡಿಯೋದಲ್ಲಿ ನೋಡಿದ ಹೊಡೆದಾಟವೊಂದನ್ನು ಹೇಳಿದ. ಒಬ್ಬನನ್ನು ಹತ್ತು ಜನ ಸುತ್ತುವರಿದು ಹೊಡೆದರಂತೆ. ಆಮೇಲೆ ಪ್ರಜ್ವಲ್ ಎದ್ದು, ತನ್ನ ಮಾವನ ಊರಿನ ಪೇಟೆಯಲ್ಲಿ ನಡೆದದ್ದನ್ನು ಹೇಳಿದ. ಅಲ್ಲಿಯೂ ಒಬ್ಬನನ್ನು ಹತ್ತು ಜನ ಸುತ್ತುವರಿದದ್ದೇ. ಇಡೀ ಕ್ಲಾಸು ಎರಡು ಊರಿನ ಎರಡು ಘಟನೆ ಎಂದು ಕೇಳಿಸಿಕೊಂಡಿತು. ಬೇಕರಿ ಎದುರು, ಕೆಂಪು ಸ್ಕೂಟರು ಎಂದು ಪ್ರಜ್ವಲ್ ಹೇಳಿದಾಗ ನಿಹಾಲ್ ತಲೆಯೆತ್ತಿದ.

"ಕೆಂಪು ಸ್ಕೂಟರಾ? ನನ್ನ ವಿಡಿಯೋದಲ್ಲೂ ಕೆಂಪು ಸ್ಕೂಟರ್ ಉಂಟು."

ಒಂದೇ ಪೇಟೆ, ಒಂದೇ ಹೊಡೆದಾಟ. ಒಂದು ವಿಡಿಯೋ ಮೊದಲರ್ಧದ್ದು, ಇನ್ನೊಂದು ಕೊನೆಯರ್ಧದ್ದು. ಹೊಡೆತ ತಿಂದವರು ಬೇರೆ ಬೇರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಿಟ್ಟು ಬಂದಿರಲಿಲ್ಲ. ಬಸ್ಸಿನಲ್ಲಿ ದಿನಾ ಪಕ್ಕದಲ್ಲಿ ಕೂತು ಬಂದವನ ಫೋನಿನಲ್ಲಿ ಬೇರೆಯೇ ಒಂದು ಊರು ಇದೆ ಎಂದು ಗೊತ್ತಾದ ಆಶ್ಚರ್ಯ.

ನಾನು ಹೇಳಿದೆ, "ನಿಹಾಲ್, ನಿನ್ನ ಅಜ್ಜಿಯ ಮನೆ ಆ ಪೇಟೆಯಲ್ಲೇ ಅಲ್ವಾ? ಫೋನ್ ಮಾಡಿ ಕೇಳು."

ಮರುದಿನ ಅವನು ಬಂದು ಹೇಳಿದ್ದು ಕೇಳಿ ನಕ್ಕು ಸಾಕಾಯಿತು. ಅಜ್ಜಿ ಆ ಹೊತ್ತಿಗೆ ಮಾಳಿಗೆಯಲ್ಲಿ ಮಲಗಿದ್ದರಂತೆ. ಏನೂ ನೋಡಿರಲಿಲ್ಲ. ಮತ್ತೆ ಹೊಡೆದಾಟದ ವಿಷಯ ಅವರಿಗೆ ಹೇಗೆ ಗೊತ್ತಾಯಿತು? "ನಿನ್ನ ಪಪ್ಪ ಅಬುಧಾಬಿಯಿಂದ ವಿಡಿಯೋ ಕಳಿಸಿದ್ದಲ್ವಾ" ಎಂದರಂತೆ. ಊರಿನ ಪೇಟೆಯ ಸುದ್ದಿ ಸಮುದ್ರ ದಾಟಿ ಎಲೆಕ್ಟ್ರಾ ಸ್ಟ್ರೀಟಿಗೆ ಬಂದು, ಅಲ್ಲಿಂದ ತಿರುಗಿ ಅದೇ ಪೇಟೆಯ ಮಾಳಿಗೆಗೆ ಹೋಗಿತ್ತು.

ಅದಾದ ಮೇಲೆ ನಾನು ಪಾಠ ಮಾಡುವ ಕ್ರಮ ಬದಲಿಸಿದೆ. ಈ ಮಕ್ಕಳಿಗೆ ಎದುರಿನ ಅಭಿಪ್ರಾಯ ಇಷ್ಟವಿಲ್ಲ ಎಂದಲ್ಲ, ಅದು ಅವರ ಬಳಿಗೆ ಬರುವುದೇ ಇಲ್ಲ ಎಂದು ಗೊತ್ತಾಗಿತ್ತು. ಹಾಗಾಗಿ ಚರ್ಚೆಯಲ್ಲಿ ಒಂದು ನಿಯಮ ಮಾಡಿದೆ. ಯಾವ ಅಭಿಪ್ರಾಯ ನಿಮ್ಮದೋ ಅದರ ಪರ ಮಾತಾಡುವಂತಿಲ್ಲ. ಎದುರಿನವರ ಕಡೆಗೆ ಹೋಗಿ ಮಾತಾಡಬೇಕು. ಮಕ್ಕಳೇ ಇದಕ್ಕೆ 'ಪಕ್ಷಾಂತರ' ಎಂದು ಹೆಸರಿಟ್ಟರು. ಆ ಪದ ಅವರಿಗೆ ಪಠ್ಯದಿಂದ ಸಿಕ್ಕಿತ್ತು, ಅದರ ಮಜವೂ ಗೊತ್ತಾಗಿತ್ತು.

ಮೊದಲ ಸಲ ಅದು ನೆಲಕಚ್ಚಿತು. ಹುಡುಗರು ಎದುರು ಪಕ್ಷದವರ ಹಾಗೆ ಕೈ ಬೀಸಿ, ಮೂಗಿನಲ್ಲಿ ಮಾತಾಡಿ ಅಣಕ ಮಾಡಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು, ಯಾರೂ ಏನೂ ಕಲಿಯಲಿಲ್ಲ. ಆಮೇಲೆ ಎರಡನೇ ನಿಯಮ ಸೇರಿಸಿದೆ. ವೇದಿಕೆ ಹತ್ತುವ ಮೊದಲು, ನಿಜವಾಗಿ ಆ ಅಭಿಪ್ರಾಯ ಇರುವ ಒಬ್ಬರ ಎದುರು ಕೂತು ಅವರ ಮಾತನ್ನು ಅವರಿಗೇ ಒಪ್ಪಿಸಬೇಕು. "ಹೌದು, ನಾನು ಹೇಳುವುದು ಇದೇ" ಎಂದು ಅವರು ಒಪ್ಪುವವರೆಗೆ ಬಿಡುಗಡೆ ಇಲ್ಲ. ಇದನ್ನು ಮಕ್ಕಳು ಮಗ್ಗಿ ಒಪ್ಪಿಸುವುದಕ್ಕಿಂತ ಕಷ್ಟ ಎಂದರು. ಹೊಸದಾಗಿ ಬರುವ ಟೀಚರುಗಳಿಗೆ ನನ್ನಿಂದ ಏನಾದರೂ ತೆಗೆದುಕೊಳ್ಳಬೇಕು ಅನ್ನಿಸಿದರೆ ಈ ಎರಡನೇ ನಿಯಮವನ್ನು ತೆಗೆದುಕೊಳ್ಳಿ. ಮೊದಲನೆಯದು ಇದಿಲ್ಲದೆ ಬರೀ ನಾಟಕ.

ಈಗ ಸಹನಾ ಮತ್ತು ಅದ್ವೈತನ ವಿಷಯ. ನಿವೃತ್ತಿಗೆ ಸ್ವಲ್ಪ ಮೊದಲು, ಕೊರೊನಾ ಕಳೆದು ಕ್ಲಾಸುಗಳು ಮತ್ತೆ ತುಂಬಿದ್ದ ಸಮಯ.

ಹನ್ನೊಂದನೇ ಕ್ಲಾಸಿನಲ್ಲಿ ಸಮಾನತೆಯ ಪಾಠ ಮುಗಿಸಿ ಮೀಸಲಾತಿಗೆ ಬಂದಿದ್ದೆ. ಅದ್ವೈತ್ ಉಡುಪಿ ಕಡೆಯವನು, ಮಾತಿನಮಲ್ಲ. ಸಹನಾ ಕೊಳ್ಳೇಗಾಲದ ಕಡೆಯವಳು, ಮೆದುಮಾತಿನ ಹುಡುಗಿ. ಇಬ್ಬರೂ ಶಾಲೆಯ ಕ್ವಿಜ್ ತಂಡದ ಜೋಡಿ, ಎಲ್ಲಿಗೆ ಹೋದರೂ ಕಪ್ ತರುತ್ತಿದ್ದರು. ಮೀಸಲಾತಿ ಬೇಡ ಎನ್ನುವವರು ಕೈ ಎತ್ತಿ ಎಂದೆ. ಕೈಗಳ ಕಾಡೇ ಎದ್ದಿತು, ಅದ್ವೈತನದು ಎಲ್ಲಕ್ಕಿಂತ ಮೇಲೆ. ಬೇಕು ಎನ್ನುವವರು ಎಂದಾಗ ಮೂರೋ ನಾಲ್ಕೋ. ಸಹನಾಳೂ ಇನ್ನೂ ಕೆಲವರೂ ಎರಡಕ್ಕೂ ಎತ್ತಲಿಲ್ಲ.

ನಿಯಮದ ಪ್ರಕಾರ ಅದ್ವೈತನಿಗೆ ಮೀಸಲಾತಿಯ ಪರ ಮಾತಾಡುವ ಸರದಿ ಬಂತು. ವಿರುದ್ಧ ಮಾತಾಡಲು ಪರವಾಗಿರುವ ಒಬ್ಬರು ಬೇಕಿತ್ತು. ಕೈ ಎತ್ತಿದ್ದವರು ತಲೆ ತಗ್ಗಿಸಿದರು. ಆಗ ಸಹನಾ ಎದ್ದು ನಿಂತಳು.

"ಮಿಸ್, ನಾನು ವಿರುದ್ಧ ಮಾತಾಡ್ತೀನಿ."

"ನಿನ್ನ ಕೈ ನಾನು ನೋಡಲಿಲ್ಲವಲ್ಲ."

"ಪರ ಇರೋರೇ ತಾನೇ ವಿರುದ್ಧ ಮಾತಾಡ್ಬೇಕು?" ಎಂದಳು. "ಹಾಗಾದ್ರೆ ಬರೆದುಕೊಳ್ಳಿ ಮಿಸ್, ನಾನು ಪರ."

ಅದ್ವೈತ್ ಹಿಂದೆ ತಿರುಗಿ ಅವಳನ್ನು ನೋಡಿದ. ಎರಡು ವರ್ಷ ಜೊತೆಯಲ್ಲಿ ಬಜರ್ ಒತ್ತಿದ ಗೆಳತಿಯ ಮನಸ್ಸಿನಲ್ಲಿ ಏನಿದೆ ಎಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಎರಡನೇ ನಿಯಮದಂತೆ ಅವಳು ಮೊದಲು ಅವನ ಎದುರು ಕೂತು ಪಾಠ ಹೇಳಿಸಿಕೊಂಡಳು. ಊಟದ ಬಿಡುವಿನಲ್ಲಿ ಲೈಬ್ರರಿಯ ಮೂಲೆಯಲ್ಲಿ ಇಬ್ಬರೂ ಕೂರುತ್ತಿದ್ದರು, ನಾನು ಪಕ್ಕದ ಮೇಜಿನಲ್ಲಿ ಪೇಪರ್ ತಿದ್ದುತ್ತಿದ್ದೆ. ಅದ್ವೈತ್ ತನ್ನ ದೊಡ್ಡಮ್ಮನ ಮಗಳು ಶ್ರೇಯಾಳ ಕಥೆ ಹೇಳಿದ. ಅವಳಪ್ಪ ಮದುವೆಮನೆಗಳಲ್ಲಿ ಅಡುಗೆ ಮಾಡುವವರು. ಎರಡು ವರ್ಷ ಮನೆಯಿಂದ ಹೊರಗೆ ಕಾಲಿಡದೆ ಓದಿದ ಹುಡುಗಿ. ಅವಳಿಗಿಂತ ಕಡಿಮೆ ಅಂಕ ಬಂದ, ದೊಡ್ಡ ಅಧಿಕಾರಿಯ ಮಗಳಾದ ಸಹಪಾಠಿಗೆ ಮೀಸಲಾತಿಯಲ್ಲಿ ಮೆಡಿಕಲ್ ಸೀಟು ಸಿಕ್ಕಿತು, ಇವಳಿಗೆ ಸಿಗಲಿಲ್ಲ. "ಆ ದಿನ ವಿಡಿಯೋ ಕಾಲಲ್ಲಿ ಅಕ್ಕ ಅಳ್ಲಿಲ್ಲ, ಸುಮ್ನೆ ಕೂತಿದ್ಲು. ಅಳ್ತಿದ್ರೆ ವಾಸಿ ಇತ್ತು" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದವನು ಕನ್ನಡಕ್ಕೆ ಬಂದು ಹೇಳಿದ.

ಸಹನಾ ಎದುರಾಡಲಿಲ್ಲ. ಕೇಳಿದ್ದನ್ನು ತಿರುಗಿ ಒಪ್ಪಿಸಿದಳು. ಅದ್ವೈತ್ ತಲೆ ಅಲ್ಲಾಡಿಸಿದ. "ಅಲ್ಲ, ನೀನು ಅಕ್ಕನನ್ನು ಪಾಪ ಅಂತ ತೋರಿಸ್ತಿದ್ದೀ. ನಾನು ಕನಿಕರ ಕೇಳ್ತಿಲ್ಲ, ನ್ಯಾಯ ಕೇಳ್ತಿದ್ದೇನೆ." ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಹೀಗೆ ಎಷ್ಟೋ ಸಲ ಆಗಿ ಕೊನೆಗೆ ಅವನು "ಹೌದು, ಇದೇ" ಎಂದ. ಅವನ ಮುಖ ನೋಡಿದರೆ, ತನ್ನ ಮಾತನ್ನು ಇಷ್ಟು ಸಾವಧಾನದಿಂದ ಕೇಳಿದವರು ಈವರೆಗೆ ಯಾರೂ ಇರಲಿಲ್ಲವೇನೋ ಅನ್ನಿಸುವಂತಿತ್ತು.

ಅವನ ಸರದಿ ಬಂದಾಗ ಪೇಚಾಟ ಶುರುವಾಯಿತು. ಫೋನಿನಲ್ಲಿ ಹುಡುಕಿದರೆ ಅವನಿಗೆ ವಿರುದ್ಧದ ವಿಡಿಯೋಗಳೇ ಬರುತ್ತಿದ್ದವು. "ಮಿಸ್, ಪರ ಅಂತ ಟೈಪ್ ಮಾಡಿದ್ರೂ ವಿರೋಧದ್ದೇ ಬರ್ತದೆ. ಇದಕ್ಕೆ ನಾನು ಯಾರು ಅಂತ ಮೊದಲೇ ಗೊತ್ತುಂಟು" ಎಂದ, ದೂರು ಹೇಳುವ ಹುಡುಗನ ಹಾಗೆ. ಸಹನಾಳನ್ನು ಕೇಳಿದ. ಅವಳು, "ಆ ಅನುಭವ ನಂದಲ್ಲ, ನಮ್ಮಪ್ಪಂದು. ನಾನು ಹೇಳೋ ಹಾಗಿಲ್ಲ. ಅವರನ್ನೇ ಕೇಳು" ಎಂದಳು.

ಅವಳ ತಂದೆ ಸಿದ್ದರಾಜು ನಗರದಿಂದ ದೂರದ ಮದೀನತ್ ಜಾಯೆದ್ ಕಡೆಯ ಅನಿಲ ಘಟಕವೊಂದರಲ್ಲಿ ಇಂಜಿನಿಯರ್. ವಾರವಿಡೀ ಅಲ್ಲೇ ಇದ್ದು ರಜೆಗೆ ಅಬುಧಾಬಿಯ ಮನೆಗೆ ಬರುತ್ತಿದ್ದರು. ಮಗಳ ಕ್ಲಾಸಿನ ಹುಡುಗ ಫೋನ್ ಮಾಡಿ, "ಅಂಕಲ್, ಮೀಸಲಾತಿಯ ಬಗ್ಗೆ ನಿಮ್ಮ ಅನುಭವ ಬೇಕು, ನಾನು ಪರ ಮಾತಾಡ್ಬೇಕು, ಸಹನಾ ವಿರುದ್ಧ ಮಾತಾಡ್ತಾಳೆ" ಎಂದಾಗ ಅವರಿಗೆ ಏನಾಗಿರಬೇಡ! ಮರುದಿನ ರಜೆ ಹಾಕಿ ನೇರ ಶಾಲೆಗೆ ಬಂದರು.

ಶೈಲಾ ಮೇಡಂ ನನ್ನನ್ನು ಕರೆಸಿದರು. ಒಳಗೆ ಹೋದಾಗ ಸಿದ್ದರಾಜು ಕುರ್ಚಿ ಕೊಟ್ಟಿದ್ದರೂ ನಿಂತೇ ಇದ್ದರು.

"ಗಲಾಟೆ ಮಾಡಕ್ಕೆ ಬಂದಿಲ್ಲ ಮೇಡಂ," ಎಂದರು. "ಈ ದೇಶಕ್ಕೆ ಯಾಕೆ ಬಂದೆ ಗೊತ್ತಾ ನಿಮಗೆ? ಸಂಬಳಕ್ಕೆ ಅಂತ ಎಲ್ರಿಗೂ ಹೇಳ್ತೀನಿ. ಇಲ್ಲಿ ನನ್ನ ಬ್ಯಾಡ್ಜ್ ನೋಡ್ತಾರೆ, ಜಾತಿ ಕೇಳಲ್ಲ. ಅದಕ್ಕೆ ಬಂದೆ. ಕೇಳೋರು ನಮ್ಮೋರೇ. ಒಂದ್ಸಲ ಕನ್ನಡದವರ ಪಿಕ್ನಿಕ್‌ನಲ್ಲಿ ಒಬ್ರು ಊಟದ ತಟ್ಟೆ ಹಿಡ್ಕೊಂಡು 'ನೀವು ಯಾರ ಪೈಕಿ ಸಾರ್' ಅಂದ್ರು. ಆವತ್ತಿಂದ ಹೋಗಿಲ್ಲ. ಮಗಳಿಗೂ ಹೇಳಿದ್ದೆ, ಸ್ಕೂಲಲ್ಲಿ ಯಾರೂ ಕೇಳಲ್ಲ, ನೀನೂ ಹೇಳ್ಬೇಡ ಅಂತ. ನೀವು ಅವಳ ಬಾಯಲ್ಲಿ ಅವರ ಮಾತು ಆಡಿಸ್ತಾ ಇದ್ದೀರಲ್ಲ ಮೇಡಂ. ನಮ್ಮಪ್ಪ ಬದುಕಿದ್ದಿದ್ರೆ ಏನನ್ನೋರು?"

ಮೇಡಂ ನನ್ನ ಕಡೆ ನೋಡಿದರು. ನೋಟದಲ್ಲಿ ತೀರ್ಮಾನ ಆಗಿಹೋಗಿತ್ತು. "ಚರ್ಚೆ ನಿಲ್ಲಿಸೋಣ ಸರ್, ಇಲ್ಲಿಗೆ ಖಲಾಸ್" ಎಂದರು.

ನಾನು ಒಂದೇ ಮಾತು ಕೇಳಿಕೊಂಡೆ. "ನಿಲ್ಲಿಸುವಾ ಸರ್. ಆದ್ರೆ ಇದನ್ನು ಆರಿಸಿಕೊಂಡದ್ದು ಸಹನಾ. ಅವಳನ್ನು ಕರೆದು ಕೇಳುವಾ."

ಸಹನಾ ಬಂದಳು. ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಆ ದಿನ ಕನ್ನಡದಲ್ಲೇ ಮಾತಾಡಿದಳು.

"ಅಪ್ಪಾ, ಅವರು ಏನಂತಾರೆ ಅಂತ ನೀವು ಯಾವತ್ತೂ ನನಗೆ ಹೇಳಿಲ್ಲ. ಇನ್ನೆರಡು ವರ್ಷಕ್ಕೆ ನಾನು ಕಾಲೇಜಿಗೆ ಮೈಸೂರಿಗೆ ಹೋಗ್ತೀನಿ. ಅಲ್ಲಿ ಗೊತ್ತಿಲ್ಲದೋರು ಯಾರೋ ಫಸ್ಟ್ ಟೈಮ್ ಮುಖದ ಮೇಲೆ ಹೇಳಿದ್ರೆ ಏನ್ ಮಾಡ್ಲಿ? ಇಲ್ಲಿ ಅದ್ವೈತ್ ಹತ್ರ ಕೇಳಿದ್ರೆ, ಅವನು ಫ್ರೆಂಡ್ ಅಲ್ವಾ, ನಾನು ಪೂರ್ತಿ ಕೇಳಬಹುದು. ಎಲ್ಲಿ ಸರಿ ಇದೆ, ಎಲ್ಲಿ ಸರಿ ಇಲ್ಲ ಅಂತ ನೋಡಬಹುದು. ನನಗೆ ಗೊತ್ತಾಗ್ಬೇಕಪ್ಪಾ."

ಸಿದ್ದರಾಜು ಆಗ ಕೂತರು. ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು, ಹಾಕಿಕೊಳ್ಳಲಿಲ್ಲ. ಆಮೇಲೆ, "ಆ ಹುಡುಗ ಎಲ್ಲವ್ನೆ?" ಎಂದು ಕೇಳಿದರು.

ಲೈಬ್ರರಿಯಲ್ಲಿ ಅದ್ವೈತನನ್ನು ಅವರೆದುರು ಕೂರಿಸಿದೆ. ಇಂಥ ಸಂದರ್ಶನವನ್ನು ನಾನು ಮತ್ತೆ ನೋಡಿಲ್ಲ. ಹುಡುಗನಿಗೆ ಭಯ ಇತ್ತು, ಭಯಕ್ಕಿಂತ ಕುತೂಹಲ ಹೆಚ್ಚಿತ್ತು. ನೇರ ಮನಸ್ಸಿನಲ್ಲಿದ್ದದ್ದನ್ನೇ ಕೇಳಿಬಿಟ್ಟ.

"ಅಂಕಲ್, ನಿಮಗೆ ಮಾರ್ಕ್ಸ್ ಕಮ್ಮಿ ಇತ್ತಾ?"

ನಾನು ಬೆಚ್ಚಿದೆ. ಸಿದ್ದರಾಜು ನಕ್ಕರು.

"ಕಮ್ಮಿನೇ ಇತ್ತು ಕಣಪ್ಪ. ಯಾವುದ್ರಲ್ಲಿ ಅಂತ ಕೇಳು."

"ಯಾವುದ್ರಲ್ಲಿ?"

"ರೇಖಾಗಣಿತದಲ್ಲಿ. ನಮ್ಮೂರಲ್ಲಿ ಒಬ್ರು ಮೇಷ್ಟ್ರು ಸಂಜೆ ಮನೇಲಿ ಪಾಠ ಹೇಳೋರು. ಒಳ್ಳೇವ್ರೇ. ನನ್ನನ್ನೂ ಬಾ ಅಂದ್ರು. ಆದ್ರೆ ಒಳಗೆ ಕರೆಯೋ ಹಾಗಿರಲಿಲ್ಲ, ಮನೇಲಿ ಹಿರೀಕರಿದ್ರು. ನಾನು ಹೊರಗೆ, ಕಿಟಕಿ ಪಕ್ಕ ನಿಂತ್ಕೊಂಡು ಕೇಳ್ತಿದ್ದೆ. ಅಂಕಗಣಿತ ಕಿವೀಲಿ ಕಲ್ತ್‌ಬಿಟ್ಟೆ. ಈಗ್ಲೂ ಬಾಯಿಲೆಕ್ಕದಲ್ಲಿ ನನ್ನ ಸೋಲ್ಸಕ್ಕಾಗಲ್ಲ. ಆದ್ರೆ ಬೋರ್ಡು ಒಳಗಡೆ ಇತ್ತು, ನಾನು ನಿಂತ ಕಡೆಯಿಂದ ಕಾಣ್ತಿರ್ಲಿಲ್ಲ. ಮೇಷ್ಟ್ರು 'ಈ ತ್ರಿಭುಜ ನೋಡಿ' ಅನ್ನೋರು. ನಾನು ಎಲ್ಲಿ ನೋಡ್ಲಿ?"

ಅದ್ವೈತ್ ಬರೆದುಕೊಳ್ಳುವುದನ್ನು ನಿಲ್ಲಿಸಿದ್ದ. "ಮತ್ತೆ ಇಂಜಿನಿಯರಿಂಗ್‌ನಲ್ಲಿ ಡ್ರಾಯಿಂಗ್ ಇರ್ತದಲ್ಲ ಅಂಕಲ್. ಅದು ಹೇಗೆ ಪಾಸಾದ್ರಿ?"

"ಆಗ್ಲಿಲ್ಲ. ಎರಡು ಸಲ ಡುಮ್ಕಿ. ಮೂರನೇ ಸಲಕ್ಕೆ ಹಾಸ್ಟೆಲ್ಲಿನ ಗೋಡೆ ತುಂಬ ಇದ್ದಿಲಲ್ಲಿ ಬರ್ದು ಬರ್ದು ಕಲ್ತೆ. ವಾರ್ಡನ್ ದಂಡ ಹಾಕಿದ್ರು."

"ಸೀಟು ಕೊಟ್ಟ ಮೇಲೆ ಬೋರ್ಡು ಕಾಣಿಸ್ತಾ?"

"ಕಾಣಿಸ್ತು. ಮೊದಲ ಬೆಂಚಲ್ಲಿ ಕೂತೆ. ಯಾರೂ ಪಕ್ಕದಲ್ಲಿ ಕೂರ್ಲಿಲ್ಲ, ಅದು ಬೇರೆ ಮಾತು."

ಹೊರಡುವಾಗ ಸಿದ್ದರಾಜು ಅವನ ಹೆಗಲ ಮೇಲೆ ಕೈಯಿಟ್ಟು, "ತ್ರಿಭುಜದ್ದು ಬೇಕಾದ್ರೆ ಹೇಳು. ನನ್ನ ಹೆಸರು ಬೇಡ" ಎಂದರು. ಆಮೇಲೆ ಶೈಲಾ ಮೇಡಂ ಬಳಿ ಹೋಗಿ, ಚರ್ಚೆ ನಡೆಯಲಿ, ಆದರೆ ತಾನು ಬಂದು ಕೂತು ಕೇಳುತ್ತೇನೆ ಎಂದು ಹೇಳಿದರು. ಮೇಡಂ ಒಪ್ಪಿದರು. ನನಗೆ ಮಾತ್ರ, "ನನ್ನ ಬಿಪಿ ಮಾತ್ರೆಯ ಖರ್ಚು ನೀವೇ ಕೊಡ್ಬೇಕು" ಎಂದರು.

ಇಷ್ಟರಲ್ಲಿ ಇನ್ನೊಂದು ಕಡೆ ಎಡವಟ್ಟಾಯಿತು. ಅದ್ವೈತ್ ಅಭ್ಯಾಸಕ್ಕೆಂದು ಶ್ರೇಯಾಳಿಗೇ ವಿಡಿಯೋ ಕಾಲ್ ಮಾಡಿ ಮೀಸಲಾತಿಯ ಪರ ತನ್ನ ಭಾಷಣ ಒಪ್ಪಿಸಿದ್ದ. ಅವಳು ಅರ್ಧಕ್ಕೇ ಕಾಲ್ ಕಟ್ ಮಾಡಿದಳು. ಅವನ ತಾಯಿ ನನಗೆ ಫೋನ್ ಮಾಡಿ, "ಎಂತ ಮಿಸ್ ಇದು, ಗಾಯಕ್ಕೆ ಉಪ್ಪು ಹಾಕಿದ ಹಾಗೆ ಆಯ್ತಲ್ಲ" ಎಂದು ಬೇಸರಪಟ್ಟರು. ಅವರ ಮಾತು ಸರಿಯಾಗಿತ್ತು. ಕ್ಲಾಸಿನ ನಿಯಮ ಕ್ಲಾಸಿನವರಿಗೆ, ನಿಯಮ ಒಪ್ಪಿಕೊಳ್ಳದವರ ಮೇಲೆ ಅದನ್ನು ಪ್ರಯೋಗ ಮಾಡಬಾರದು ಎಂದು ನಾನು ಮಕ್ಕಳಿಗೆ ಹೇಳಿರಲಿಲ್ಲ. ಅದ್ವೈತ್ ಹಿಂದೆ ಸರಿಯುತ್ತೇನೆಂದ. "ಅಕ್ಕನಿಗೆ ಮೋಸ ಮಾಡಿದ ಹಾಗೆ ಆಗ್ತದೆ ಮಿಸ್."

ಅವನ ಮನಸ್ಸು ಬದಲಿಸಿದ್ದು ಸಹನಾ. "ನಿಮ್ಮಕ್ಕನ ಮಾತು ನಾನು ಹೇಳ್ತೀನಿ, ಒಂದೂ ಬಿಡದೆ. ನಮ್ಮಪ್ಪನ ಮಾತು ನೀನು ಹೇಳು. ಇಬ್ಬರ ಮಾತೂ ಒಂದೇ ರೂಮಲ್ಲಿ ಇರುತ್ತೆ, ಅಷ್ಟೇ ತಾನೇ?" ಎಂದಳು.

ಚರ್ಚೆಯ ದಿನ ಸಿದ್ದರಾಜು ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ಶೈಲಾ ಮೇಡಂ ಬಾಗಿಲ ಬಳಿ ನಿಂತಿದ್ದರು.

ಮೊದಲು ಅದ್ವೈತ್. ಮಾತಿನಮಲ್ಲ ಆ ದಿನ ನಿಧಾನವಾಗಿ ಮಾತಾಡಿದ. ಕಿಟಕಿಯ ಹೊರಗೆ ನಿಂತು ಲೆಕ್ಕ ಕಲಿತ ಒಬ್ಬ ಹುಡುಗನ ವಿಷಯ ಹೇಳಿದ, ಹೆಸರು ಹೇಳಲಿಲ್ಲ. "ಆ ಹುಡುಗನಿಗೂ ನನಗೂ ಒಂದೇ ಪರೀಕ್ಷೆ ಕೊಟ್ಟು, ಅಂಕ ಕಮ್ಮಿ ಎಂದರೆ, ಅಳೆದದ್ದು ಏನನ್ನು?" ಎಂದು ಕೇಳಿ ಕೂತ.

ಆಮೇಲೆ ಸಹನಾ ಎದ್ದಳು. ಅಡುಗೆಯವರ ಮಗಳು, ಅಧಿಕಾರಿಯ ಮಗಳು, ಒಂದೇ ಬೆಂಚು, ಒಂದೇ ಕೋಚಿಂಗು. ಬಡತನ ಜಾತಿ ನೋಡಿ ಬರುವುದಿಲ್ಲ ಎಂದಳು. ಯಾರದೋ ಅಜ್ಜನಿಗೆ ಆದ ಅನ್ಯಾಯದ ಸಾಲವನ್ನು ಇನ್ಯಾರದೋ ಮೊಮ್ಮಗಳಿಂದ ಎಷ್ಟು ದಿನ ವಸೂಲಿ ಮಾಡುತ್ತೀರಿ ಎಂದಳು. ಒಂದು ಕಡೆಯೂ ಅಣಕ ಇರಲಿಲ್ಲ, ಕಣ್ಣು ತಪ್ಪಿಸಲಿಲ್ಲ. ಅದ್ವೈತ್ ತಲೆ ಬಗ್ಗಿಸಿ ಮೇಜನ್ನೇ ನೋಡುತ್ತಿದ್ದ. ಅವನ ಅಕ್ಕನ ಮಾತು ಅಷ್ಟು ಚೆನ್ನಾಗಿ ಅವನಿಗೂ ಹೇಳಲು ಬಂದಿರಲಿಲ್ಲ.

ಪ್ರಶ್ನೆಗಳಿವೆಯೇ ಎಂದೆ. ಹಿಂದಿನ ಸಾಲಿನಿಂದ ಸಿದ್ದರಾಜು ಎದ್ದರು.

"ನಂದೊಂದು ಪ್ರಶ್ನೆ," ಎಂದರು. "ಆ ಅಡುಗೆಯವರ ಮಗಳು ಬಡವಳು, ಒಪ್ತೀನಿ. ಅವಳು ಬಾಡಿಗೆ ಮನೆ ಕೇಳಕ್ಕೆ ಹೋದಾಗ ಯಾರಾದ್ರೂ ಜಾತಿ ಕೇಳಿ ಬಾಗಿಲು ಹಾಕಿದ್ರಾ? ಆ ಅಧಿಕಾರಿಗೆ ಹಾಕಿರ್ತಾರೆ."

ಸಹನಾ ಒಂದು ಕ್ಷಣ ಅಪ್ಪನನ್ನು ನೋಡಿದಳು. ಪಕ್ಷ ಬಿಟ್ಟುಕೊಡುತ್ತಾಳೆ ಎಂದು ನನಗನ್ನಿಸಿತು.

"ಹಾಕಿಲ್ಲ ಸರ್," ಎಂದಳು. "ಅಧಿಕಾರಿಗೆ ಹಾಕಿದ್ದು ತಪ್ಪು. ಆದ್ರೆ ಬಾಗಿಲು ಹಾಕಿದವರು ಮನೆ ಮಾಲೀಕರು. ಶಿಕ್ಷೆ ಅವರಿಗೆ ಆಗ್ಬೇಕು. ಅವರನ್ನು ಬಿಟ್ಟು ಅಡುಗೆಯವರ ಮಗಳ ಸೀಟು ಯಾಕೆ ತಗೋತೀರಿ?"

ಸಿದ್ದರಾಜು "ಥ್ಯಾಂಕ್ಯೂ ಮೇಡಂ" ಎಂದು ಮಗಳಿಗೆ ಹೇಳಿ ಕೂತರು.

ಚರ್ಚೆ ಮುಗಿದು ಮತ್ತೆ ಕೈ ಎತ್ತಿಸಿದೆ. ಹೆಚ್ಚೇನೂ ಬದಲಾಗಲಿಲ್ಲ ಎಂದರೆ ನಿರಾಸೆಯಾಗಬಹುದು, ಆದರೆ ಆದದ್ದು ಹಾಗೆಯೇ. ಒಂದಷ್ಟು ಕೈಗಳು ಅತ್ತಿತ್ತ ಆದವು. ಅದ್ವೈತ್ ಮತ್ತೆ ವಿರುದ್ಧವೇ ಎತ್ತಿದ, ಮೊದಲಿನಷ್ಟು ಮೇಲೆ ಎತ್ತಲಿಲ್ಲ. ಸಹನಾ ಈ ಸಲ ಪರವಾಗಿ ಎತ್ತಿದಳು, ಎಲ್ಲರಿಗೂ ಕಾಣುವಂತೆ. ನನಗೆ ವಿಶೇಷ ಅನ್ನಿಸಿದ್ದು ಬೇರೆ. ಮೊದಲ ದಿನ ಎರಡಕ್ಕೂ ಕೈ ಎತ್ತದೆ ಕೂತಿದ್ದ ಮಕ್ಕಳಲ್ಲಿ ಹಲವರು ಈಗ ಯಾವುದಾದರೂ ಒಂದು ಕಡೆ ಎತ್ತಿದರು.

ಕಾರಿನವರೆಗೆ ಸಿದ್ದರಾಜು ಅವರ ಜೊತೆ ಹೋದೆ.

"ಕೋಪ ಬಂತಾ ಸರ್?"

"ಬಂತು. ಮನೇಲಿ ಒಂದಿನಾನೂ ಹಿಂಗೆ ಎದುರು ಮಾತಾಡಿಲ್ಲ ಅವಳು." ಬಾಗಿಲು ತೆಗೆದು ಹಾಗೇ ನಿಂತರು. "ಆದ್ರೆ ಅವಳು ಕೇಳಿದ್ದಕ್ಕೆ ಉತ್ತರ ಇದೆ ಮೇಡಂ. ಈಗ ಬಾಯಿಗೆ ಬರ್ತಿಲ್ಲ. ಮದೀನತ್ ಜಾಯೆದ್ ಮುಟ್ಟೋದ್ರೊಳಗೆ ಸಿಗುತ್ತೆ."

ಸಿಕ್ಕಿತಂತೆ. ದಾರಿಯಲ್ಲೇ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಮಗಳಿಗೆ ಫೋನ್ ಮಾಡಿದರಂತೆ. ಅವಳು ಅದಕ್ಕೂ ಒಂದು ಎದುರುತ್ತರ ಕೊಟ್ಟಳಂತೆ. ಆಮೇಲೆ ವಾರಾಂತ್ಯಗಳಲ್ಲಿ ಅಪ್ಪ ಮಗಳ ಊಟ ತಣ್ಣಗಾಗುವುದು ವಾಡಿಕೆಯಾಯಿತು ಎಂದು ಅವಳ ತಾಯಿ ಪೇರೆಂಟ್ಸ್ ಮೀಟಿಂಗಿನಲ್ಲಿ ನಗುತ್ತ ದೂರಿದರು. ಶ್ರೇಯಾ ಅದ್ವೈತನ ಜೊತೆ ಬಹಳ ತಿಂಗಳು ಮಾತು ಬಿಟ್ಟಿದ್ದಳು. ಆಮೇಲೆ ಸರಿಹೋಯಿತು, ಆದರೆ ಆ ವಿಷಯ ಮಾತ್ರ ಇಬ್ಬರೂ ತೆಗೆಯುವುದಿಲ್ಲವಂತೆ. ಎಲ್ಲ ಕಡೆಯೂ ಬಾಗಿಲು ತೆರೆಯುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡಲಾರೆ.

ನಾನು ನಿವೃತ್ತಳಾಗಿ ಇಲ್ಲಿ, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಬಡಾವಣೆಯ ಮಗಳ ಮನೆಗೆ ಬಂದ ಮೇಲೆ, ಸಹನಾ ಮೈಸೂರಿನಿಂದ ಫೋನ್ ಮಾಡಿದಳು. ಕಾಲೇಜು ಸೇರಿ ಕೆಲವೇ ದಿನಗಳಾಗಿದ್ದವು. ಹಿಂದಿನ ರಾತ್ರಿ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಒಬ್ಬಳು ಹುಡುಗಿ, ಊಟದ ನಡುವೆ, "ನಿನಗೇನಮ್ಮ, ಓದದಿದ್ರೂ ಸೀಟು" ಎಂದಳಂತೆ.

"ನೀನು ಎಂತ ಹೇಳಿದೆ?"

"ತಟ್ಟೆ ಪಕ್ಕಕ್ಕೆ ಸರಿಸ್ದೆ ಮಿಸ್, ಫಸ್ಟು. ಆಮೇಲೆ ಅವಳಿಗೆ ಹೇಳ್ದೆ, 'ನೀನು ಹೇಳೋದನ್ನ ಇನ್ನೂ ಚೆನ್ನಾಗಿ ಹೇಳಬಹುದು, ಕೇಳ್ತೀಯಾ?' ಅಂತ. ಅವಳ ಕಡೆಯಿಂದ ಪೂರ್ತಿ ಮಾತಾಡಿ ತೋರಿಸ್ದೆ. ಅವಳು ಚಪಾತಿ ಕೈಯಲ್ಲೇ ಹಿಡ್ಕೊಂಡು ಕೂತಿದ್ಲು."

"ಮತ್ತೆ?"

"ಮತ್ತೆ ಕೇಳಿದ್ಲು, ಹಾಗಾದ್ರೆ ನೀನು ಯಾಕೆ ಒಪ್ಪಲ್ಲ ಅಂತ." ಸಹನಾ ನಗುತ್ತಿದ್ದಳು, ಹಿಂದೆ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು. "ಈಗ ಅದನ್ನೇ ಹೇಳಕ್ಕೆ ಹೋಗ್ತಿದ್ದೀನಿ ಮಿಸ್. ಅವಳು ಮೆಸ್ಸಲ್ಲಿ ನನಗೋಸ್ಕರ ಜಾಗ ಹಿಡಿದು ಕೂತಿದ್ದಾಳೆ. ಫೋನ್ ಇಡ್ಲಾ?"